ಆ್ಯಂಟಿಬಯಾಟಿಕ್ ಮುಗಿಯಿತು, ಇನ್ನು ಹೊಟ್ಟೆಯ ಕಡೆ ನೋಡೋಣ

ಸಾಗರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಹಲ್ಲು ಬಾತಿತ್ತು, ಗಂಟಲು ನೋವಿತ್ತು, ಟೈಫಾಯ್ಡ್ ಆಗಿತ್ತು ಅಂತ ಆ್ಯಂಟಿಬಯಾಟಿಕ್ ತೆಗೆದುಕೊಂಡು ಹೋದವರು ಸ್ವಲ್ಪ ದಿನ ಬಿಟ್ಟು ಮತ್ತೆ ಬರುತ್ತಾರೆ. "ಜ್ವರ ಬಿಡ್ತು ಮಾರಾಯ್ರೆ, ಹೊಟ್ಟೆ ಮಾತ್ರ ಸರಿ ಇಲ್ಲ" ಅಂತಾರೆ. ಉಂಡ ಕೂಡಲೇ ಹೊಟ್ಟೆ ಉಬ್ಬುತ್ತದೆ. ಇವತ್ತು ಭೇದಿ, ನಾಳೆ ಕಟ್ಟಿಕೊಳ್ಳುತ್ತದೆ. ಆಮೇಲೆ ಕೇಳುವುದು ಒಂದೇ: "ಒಳ್ಳೆ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಇದೆಯಂತಲ್ಲ, ಅದು ಕೊಡಿ."

ಕೊಡುತ್ತೇನೆ, ಅಂಗಡಿ ಇಟ್ಟಿರುವುದೇ ಅದಕ್ಕೆ. ಆದರೆ ಒಂದು ಮಾತು ಹೇಳದೆ ಕಳಿಸುವುದಿಲ್ಲ. ಕ್ಯಾಪ್ಸೂಲಿನ ಬ್ಯಾಕ್ಟೀರಿಯಾ ನೆಂಟರಿದ್ದ ಹಾಗೆ. ಬರುತ್ತವೆ, ನಾಲ್ಕು ದಿನ ಇರುತ್ತವೆ, ಹೋಗುತ್ತವೆ. ಹೊಟ್ಟೆ ಸುಧಾರಿಸಬೇಕಾದರೆ ಒಳಗೆ ಉಳಿದುಕೊಂಡಿರುವ ನಿಮ್ಮದೇ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಕೊಡಬೇಕು. ಅವು ತಿನ್ನುವ ಸಾಮಾನು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ. ದಿನಸಿ ಅಂಗಡಿಯಲ್ಲಿ, ಸಂತೆಯಲ್ಲಿ, ಹಿತ್ತಿಲಲ್ಲಿ ಸಿಗುತ್ತದೆ. ಕೌಂಟರಿನಲ್ಲಿ ಇಷ್ಟೆಲ್ಲ ವಿವರಿಸಲು ಪುರುಸೊತ್ತಿರುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಒಳಗೆ ಆಗಿರುವುದೇನು

ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಅಂದಾಜು ಮಾಡಿದರು. ನಮ್ಮ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಕಾಳಿನ ಸಿಪ್ಪೆ, ಸೊಪ್ಪಿನ ದಂಟು, ರಾಗಿಯ ತೌಡು ಇವೆಲ್ಲ ನಮಗೆ ಅರಗುವುದಿಲ್ಲ, ಹಾಗೇ ಅಲ್ಲಿಗೆ ತಲುಪುತ್ತವೆ. ಬ್ಯಾಕ್ಟೀರಿಯಾ ಆ ನಾರನ್ನು ಹುಳಿಸಿ ತಿಂದು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಆ ಬ್ಯುಟಿರೇಟ್. ನಾರು ಹೋಗದಿದ್ದರೆ ಬ್ಯಾಕ್ಟೀರಿಯಾ ಕರುಳಿನ ಒಳಗಿನ ಲೋಳೆಯ ಪದರವನ್ನೇ ತಿನ್ನತೊಡಗುತ್ತವೆ. ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇದು ಕಂಡಿದೆ.

ಆ್ಯಂಟಿಬಯಾಟಿಕ್‌ಗೆ ಗಂಟಲಿನ ಬ್ಯಾಕ್ಟೀರಿಯಾ ಯಾವುದು, ಕರುಳಿನದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಹೊಡೆಯುತ್ತದೆ. 2018ರಲ್ಲಿ ಡೆನ್ಮಾರ್ಕಿನಲ್ಲಿ 12 ಜನ ಆರೋಗ್ಯವಂತ ಗಂಡಸರಿಗೆ 4 ದಿನ ಬಲವಾದ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದರು. ಒಂದೂವರೆ ತಿಂಗಳಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ತಾವಾಗಿ ಮರಳಿದವು. ಆದರೆ ಮೊದಲಿದ್ದ 9 ಜಾತಿಗಳು ಆರು ತಿಂಗಳಾದರೂ ಕಾಣಲಿಲ್ಲ. ಅಂದರೆ ಭಯ ಬೇಡ, ಆದರೆ ಒಂದು ವಾರದಲ್ಲಿ ಎಲ್ಲ ಮೊದಲಿನಂತಾಗುತ್ತದೆ ಅಂತಲೂ ಕಾಯಬೇಡಿ.

ಮಾತ್ರೆ ನಡೆಯುತ್ತಿರುವಾಗ

ಹೊಟ್ಟೆ ಕೆಟ್ಟಿತು ಅಂತ ಕೋರ್ಸನ್ನು ಅರ್ಧಕ್ಕೆ ನಿಲ್ಲಿಸಬೇಡಿ. ತುಂಬಾ ತೊಂದರೆಯಾದರೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಬೇರೆ ಮಾತ್ರೆ ಕೊಡಬಹುದು. "ಎರಡೇ ಮಾತ್ರೆ ಕೊಡಿ, ಹೋದ ಸಲದ ಚೀಟಿ ಇದೆ" ಅಂತ ಬರುವವರಿಗೆ ನಾನು ಕೊಡುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಸುಮ್ನೆ ನುಂಗಿದ ಆ್ಯಂಟಿಬಯಾಟಿಕ್ ನೆಗಡಿಗೂ ನಾಟುವುದಿಲ್ಲ, ಹೊಟ್ಟೆಯನ್ನು ಮಾತ್ರ ಕೆಡಿಸುತ್ತದೆ. ಸ್ಟ್ರಿಪ್ಪಿನ ಮೇಲೆ ನಿಲುವಾಗಿ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ತೆಗೆದುಕೊಳ್ಳುವ ಮಾತ್ರೆಯಲ್ಲ ಅಂತ ಅರ್ಥ.

ಮೊಸರಿನ ವಿಷಯದಲ್ಲಿ ಒಂದು ಎಚ್ಚರ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಇಂಥವನ್ನು ಹಾಲು, ಮೊಸರು, ಮಜ್ಜಿಗೆಯ ಜೊತೆ ನುಂಗಬಾರದು. ಹಾಲಿನ ಕ್ಯಾಲ್ಸಿಯಂ ಮಾತ್ರೆಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರುವುದೇ ಕಮ್ಮಿಯಾಗುತ್ತದೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆಗೂ ಇದೇ ಮಾತು. ಮಾತ್ರೆ ನುಂಗಿ ಕನಿಷ್ಠ ಎರಡು ಗಂಟೆ ಕಳೆದ ಮೇಲೆ ಮಜ್ಜಿಗೆ ಅನ್ನ ಉಣ್ಣಿ. ಅಮಾಕ್ಸಿಸಿಲಿನ್‌ಗೆ ಈ ತಕರಾರಿಲ್ಲ. ನಿಮ್ಮದು ಯಾವುದು ಅಂತ ಅಂಗಡಿಯಲ್ಲೇ ಕೇಳಿಬಿಡಿ.

ಇನ್ನು ಕ್ಯಾಪ್ಸೂಲ್. ಕೋರ್ಸ್ ನಡೆಯುವಾಗ ಭೇದಿ ಬರದಂತೆ ತಡೆಯಲು, ಮಕ್ಕಳಿಗೆ ಮುಖ್ಯವಾಗಿ, ಪ್ರೋಬಯಾಟಿಕ್, ಅಂದರೆ ಆ ಒಳ್ಳೆ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್, ಉಪಯೋಗಕ್ಕೆ ಬರುತ್ತದೆ. ಡಾಕ್ಟರ್ ಬರೆದಿದ್ದರೆ ಕೊಡಿ. ಆದರೆ ಕೋರ್ಸ್ ಮುಗಿದ ಮೇಲೂ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದೇ ವೈಜ್‌ಮನ್ ಸಂಸ್ಥೆಯಲ್ಲಿ 2018ರಲ್ಲಿ ಚಿಕ್ಕದೊಂದು ಅಧ್ಯಯನ ನಡೆಯಿತು. ಆ್ಯಂಟಿಬಯಾಟಿಕ್ ಆದ ಮೇಲೆ ಪ್ರೋಬಯಾಟಿಕ್ ತೆಗೆದುಕೊಂಡವರ ಸ್ವಂತ ಬ್ಯಾಕ್ಟೀರಿಯಾ ಮರಳಿದ್ದು, ಏನೂ ತೆಗೆದುಕೊಳ್ಳದವರಿಗಿಂತ ತಡವಾಗಿ! ಒಂದು ಅಧ್ಯಯನದಿಂದ ಎಲ್ಲ ತೀರ್ಮಾನವಾಗುವುದಿಲ್ಲ, ನಿಜ. ಆದರೂ ಆ ದುಡ್ಡಿನಲ್ಲಿ ಒಂದು ಕೇಜಿ ಹೆಸರುಕಾಳು ತೆಗೆದುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಕೀಮೋ ನಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಡಾಕ್ಟರನ್ನು ಕೇಳದೆ ಇಂಥ ಕ್ಯಾಪ್ಸೂಲ್ ಮುಟ್ಟಲೇಬಾರದು.

ಮೊದಲ ಕೆಲವು ದಿನ

ಭೇದಿ ಇನ್ನೂ ಇದ್ದರೆ ನಾರು, ಕಾಳು, ಹಸಿ ತರಕಾರಿ ಯಾವುದೂ ಬೇಡ. ಗಂಜಿ, ಮೆತ್ತಗಿನ ಅನ್ನ, ತೆಳು ಮಜ್ಜಿಗೆ, ಬಾಳೆಹಣ್ಣು, ಜೊತೆಗೆ ಓಆರ್‌ಎಸ್. ಹಾಲು ಒಂದಷ್ಟು ದಿನ ಬಿಡಿ. ಭೇದಿಯಾದ ಹೊಟ್ಟೆಗೆ ಹಾಲಿನ ಸಕ್ಕರೆ ಅರಗುವುದು ಕಷ್ಟ. ಹೆಪ್ಪಾದಾಗ ಆ ಸಕ್ಕರೆ ಸ್ವಲ್ಪ ಕಮ್ಮಿಯಾಗಿರುವುದರಿಂದ ಮೊಸರು ತಡೆಯುತ್ತದೆ.

ಮಲದಲ್ಲಿ ರಕ್ತ, ಜ್ವರ, ದಿನಕ್ಕೆ ಹತ್ತಾರು ಸಲ ನೀರಾಗಿ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ಊಟದ ಉಪಚಾರ ಸಾಲದು, ಡಾಕ್ಟರಲ್ಲಿಗೆ ಹೋಗಿ. ಆ್ಯಂಟಿಬಯಾಟಿಕ್ ಮುಗಿದು ಕೆಲವು ವಾರಗಳಾದ ಮೇಲೂ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತಲೆ ಎತ್ತಬಹುದು. ವಯಸ್ಸಾದವರಿಗೆ ಅದು ಅಪಾಯ. ಆಗ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ.

ಕಾಳು: ನಿಧಾನ, ಆದರೆ ಬಿಡದೆ

ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆಯ ಊಟದಲ್ಲಿ ಕೊರತೆ ಇರುವುದು ಇಲ್ಲೇ. ಮೂರು ಹೊತ್ತೂ ಬಿಳಿ ಅನ್ನ, ದೋಸೆ, ಅವಲಕ್ಕಿ. 100 ಗ್ರಾಂ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಮ್ಮಿ. ರಾಗಿಯಲ್ಲಿ ಸುಮಾರು 11, ಇಡೀ ಹೆಸರುಕಾಳಿನಲ್ಲಿ 17, ಸಿಪ್ಪೆ ಇರುವ ಕಡಲೆಕಾಳಿನಲ್ಲಿ 25 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 30 ಗ್ರಾಂ ನಾರು ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಬರೀ ಅನ್ನ ಸಾರಿನಲ್ಲಿ ಅಷ್ಟು ಹುಟ್ಟುವುದಿಲ್ಲ.

ಆದರೆ ಇದನ್ನು ಓದಿ ಇವತ್ತೇ ಒಂದು ಬಟ್ಟಲು ಕಡಲೆ ಉಸ್ಲಿ ತಿನ್ನಬೇಡಿ. ರಾತ್ರಿಯಿಡೀ ಗ್ಯಾಸ್ ಆಗಿ ಬೆಳಿಗ್ಗೆ ನನ್ನ ಅಂಗಡಿ ಬಾಗಿಲಿಗೆ ಬರುತ್ತೀರಿ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ನಮಗೆ ಅರಗುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಅವು ಹಬ್ಬದೂಟ, ಗ್ಯಾಸ್ ಹುಟ್ಟುವುದು ಅಲ್ಲೇ. ಅದಕ್ಕೆ ಹೆಸರುಕಾಳಿನಿಂದ ಶುರು ಮಾಡಿ. ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ನಂತರ ಬೇಯಿಸಿ. ಹೊಟ್ಟೆ ಸರಿಯಿಲ್ಲದಾಗ ಹಸಿ ಮೊಳಕೆ ಬೇಡ. ಮೊದಲ ವಾರ ಮಧ್ಯಾಹ್ನದ ಊಟಕ್ಕೆ ಎರಡು ಚಮಚ ಪಲ್ಯ ಸಾಕು. ತೊಂದರೆ ಇಲ್ಲದಿದ್ದರೆ ಮುಂದಿನ ವಾರ ನಾಲ್ಕು ಚಮಚ. ಆಮೇಲೆ ಅಲಸಂದೆ, ಮಡಕೆಕಾಳು, ಹುರುಳಿ. ಕಡಲೆಕಾಳು, ರಾಜ್ಮಾ ಕೊನೆಗೆ. ಒಗ್ಗರಣೆಗೆ ಇಂಗು, ಶುಂಠಿ ಹಾಕುವ ಅಜ್ಜಿಯ ಪದ್ಧತಿ ಬಿಡಬೇಡಿ. ನಾರು ಜಾಸ್ತಿಯಾದ ಹಾಗೆ ನೀರೂ ಜಾಸ್ತಿ ಕುಡಿಯಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ.

ಹುರುಳಿ ಅಂದ ಕೂಡಲೇ ನೆನಪಾಯಿತು. ಹುರುಳಿ ಕಟ್ಟಿನ ಸಾರು ಎಲ್ಲರಿಗೂ ಇಷ್ಟ. ಕಟ್ಟನ್ನು ಬಸಿದು ಸಾರು ಮಾಡಿ ಬೆಂದ ಕಾಳನ್ನು ದನಕ್ಕೆ ಹಾಕುವ ಮನೆಗಳು ಈಗಲೂ ಇವೆ. ರುಚಿ ನಮಗೆ, ನಾರೆಲ್ಲ ಕೊಟ್ಟಿಗೆಗೆ! ಆ ಕಾಳಿಗೆ ಕಾಯಿತುರಿ, ಒಣಮೆಣಸಿನ ಒಗ್ಗರಣೆ ಹಾಕಿದರೆ ಒಳ್ಳೆಯ ಪಲ್ಯ ಆಗುತ್ತದೆ. ದನಕ್ಕೆ ಬೇರೆ ಏನಾದರೂ ಹಾಕಿ.

ಎಷ್ಟೇ ನಿಧಾನ ಮಾಡಿದರೂ ಕಾಳು, ಈರುಳ್ಳಿ, ಬೆಳ್ಳುಳ್ಳಿ ತಿಂದಾಗಲೆಲ್ಲ ಹೊಟ್ಟೆ ಹಿಂಡುವವರಿದ್ದಾರೆ. ಅವರಿಗೆ ಐಬಿಎಸ್, ಅಂದರೆ ಕರುಳು ಬೇಗ ಕೆರಳುವ ತೊಂದರೆ, ಇರಬಹುದು. ಅದಕ್ಕೆ ಆಹಾರದ ಕ್ರಮವೇ ಬೇರೆ, ತಿಳಿದವರ ಹತ್ತಿರ ಕೇಳಿಯೇ ಮಾಡಬೇಕು.

ಬಾಳೆ, ರಾಗಿ, ಮತ್ತು ತಣಿದ ಅನ್ನ

ಬಾಳೆ ಗಿಡದಲ್ಲಿ ಕರುಳಿಗೆ ಬೇಡದ್ದು ಕಮ್ಮಿ. ಬಾಳೆಕಾಯಿಯಲ್ಲಿ ಸಣ್ಣ ಕರುಳು ಅರಗಿಸಲಾಗದ ಪಿಷ್ಟ ಇದೆ, ಅದು ಸೀದಾ ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಹೋಗುತ್ತದೆ. ಹಣ್ಣಾಗುತ್ತಾ ಆ ಪಿಷ್ಟ ಸಕ್ಕರೆಯಾಗಿಬಿಡುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಬಾಳೆಕಾಯಿ ಪಲ್ಯ ಮಾಡಿ. ಬಾಳೆದಿಂಡು, ಬಾಳೆಹೂವು ಸಿಕ್ಕಾಗ ಬಿಡಬೇಡಿ. ದಿಂಡು ಹೆಚ್ಚುವಾಗ ಬರುವ ನೂಲನ್ನು ಬೆರಳಿಗೆ ಸುತ್ತಿ ತೆಗೆಯುವುದು ಬೇಸರದ ಕೆಲಸ, ಒಪ್ಪುತ್ತೇನೆ.

ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡುವ ಅಭ್ಯಾಸ ಮಗುವಿನ ಸರಿ ಹಿಟ್ಟಿಗೆ ಸರಿ. ದೊಡ್ಡವರಿಗೆ ತೌಡಿನ ಸಮೇತ ಬೇಕು. ಅಂಬಲಿಗೆ ರಾಗಿ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿ ಮುಚ್ಚಿಡಿ. ಬೆಳಿಗ್ಗೆ ಸ್ವಲ್ಪ ಹುಳಿ ಬಂದಿರುತ್ತದೆ. ಕುದಿಯುವ ನೀರಿಗೆ ಹಾಕಿ ಕೈಯಾಡಿಸಿ ಬೇಯಿಸಿ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ. ಬಿಸಿ ಇರುವಾಗಲೇ ಮಜ್ಜಿಗೆ ಸುರಿದರೆ ಅದರಲ್ಲಿದ್ದ ಬ್ಯಾಕ್ಟೀರಿಯಾ ಸಾಯುತ್ತವೆ.

ಬೆಂದ ಅನ್ನ ತಣಿದಾಗ ಅದರ ಪಿಷ್ಟದಲ್ಲಿ ಒಂದು ಪಾಲು ಅರಗದ ರೂಪಕ್ಕೆ ತಿರುಗುತ್ತದೆ. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಹಸಿಮೆಣಸಿನೊಂದಿಗೆ ಉಣ್ಣುವ ತಂಗಳನ್ನ ಇದಕ್ಕೇ ಒಳ್ಳೆಯದು. ಆದರೆ ಅನ್ನವನ್ನು ಗಂಟೆಗಟ್ಟಲೆ ಉಗುರುಬೆಚ್ಚಗೆ ಪಾತ್ರೆಯಲ್ಲಿ ಬಿಡಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಟ್ಟೆಯಲ್ಲಿ ಹರಡಿ ಬೇಗ ತಣಿಸಿ, ಆಮೇಲೆ ತಣ್ಣೀರು ಹಾಕಿ. ಸೆಖೆಗಾಲವಾದರೆ ಫ್ರಿಜ್ಜಿನಲ್ಲೇ ಇಡಿ. ಹೊಟ್ಟೆ ಇನ್ನೂ ನಾಜೂಕಾಗಿರುವಾಗ ಇದು ಬೇಡ, ಸುಧಾರಿಸಿದ ಮೇಲೆ ಮಾಡಿ.

ಮೊಸರು ಮತ್ತು ತಂಬುಳಿ

ಮೊಸರಿಗೆ ಹೊಟ್ಟೆಯ ಸಂಬಂಧ ಕಟ್ಟಿದ್ದು ಇವತ್ತಿನ ಜಾಹೀರಾತುಗಳಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್ ನೂರು ವರ್ಷಕ್ಕೂ ಹಿಂದೆಯೇ ಹುಳಿ ಹಾಲು ಕುಡಿಯಿರಿ ಅಂತ ಹೇಳುತ್ತಿದ್ದರು. ಅವರಿಗೆ 1908ರಲ್ಲಿ ನೊಬೆಲ್ ಬಂತು, ಆದರೆ ಅದು ರೋಗನಿರೋಧಕ ಶಕ್ತಿಯ ಕೆಲಸಕ್ಕೆ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದರು. ಹುಳಿ ಬರಿಸಿದ ಆಹಾರ ಜಾಸ್ತಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು. ನಾರು ಮಾತ್ರ ಹೆಚ್ಚಿಸಿದ ಗುಂಪಿನಲ್ಲಿ ಅಷ್ಟು ಬೇಗ ಹೆಚ್ಚಲಿಲ್ಲ. ಹಾಗಾಗಿ ನಾನು ಎರಡನ್ನೂ ಹೇಳುತ್ತೇನೆ.

ಮನೆಯಲ್ಲಿ ಹೆಪ್ಪು ಹಾಕಿದ್ದೇ ಸಾಕು. ಹಾಲು ಕಾಯಿಸಿ, ಬೆರಳು ಅದ್ದಿದರೆ ಹಿತವಾದ ಬಿಸಿ ಅನ್ನಿಸುವ ತನಕ, ಅಂದರೆ 40ರಿಂದ 45 ಡಿಗ್ರಿಗೆ, ಆರಿಸಿ ಒಂದು ಚಮಚ ಮೊಸರು ಕಲಸಿ. ನಮ್ಮ ಆಷಾಢದ ಮಳೆಯಲ್ಲಿ ಹೆಪ್ಪಾಗುವುದೇ ಇಲ್ಲ ಅಂತ ಹೆಂಗಸರ ದೂರು. ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಡಿ, ಆಗುತ್ತದೆ. ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಪೆಟ್ಟಿಗೆ ಮಜ್ಜಿಗೆಯಲ್ಲಿ ಜೀವ ಇರುವುದಿಲ್ಲ, ಅದನ್ನು ಜೋರಾಗಿ ಕಾಯಿಸಿ ತುಂಬಿರುತ್ತಾರೆ. ಕುದಿಸಿದ ಮಜ್ಜಿಗೆಹುಳಿ, ಬೆಂದ ಇಡ್ಲಿ ದೋಸೆಯಲ್ಲೂ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ. ಹುಳಿ ಬಂದ ಹಿಟ್ಟು ಅರಗಲು ಸುಲಭ, ಅಷ್ಟು ಲಾಭ ಇದ್ದೇ ಇದೆ.

ಇಲ್ಲಿ ನಮ್ಮ ತಂಬುಳಿಯ ಹಿರಿಮೆ. ಅದನ್ನು ಕುದಿಸುವುದಿಲ್ಲ ಅಲ್ವಾ? ಒಂದು ಹಿಡಿ ಒಂದೆಲಗ ಅಥವಾ ದೊಡ್ಡಪತ್ರೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ. ಆರಿದ ಮೇಲೆ ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಸೋಸಬೇಡಿ. ಒಂದು ದಿನ ಕನ್ನೆಕುಡಿ, ಒಂದು ದಿನ ಚಕ್ರಮುನಿ, ಮರುದಿನ ಮೆಂತ್ಯ, ಶುಂಠಿ. ಒಂದು ಹಿಡಿ ಸೊಪ್ಪಿನಲ್ಲಿ ನಾರು ತುಂಬಾ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಜೀವಂತ ಮಜ್ಜಿಗೆ ಮತ್ತು ದಿನಕ್ಕೊಂದು ಹೊಸ ಸೊಪ್ಪು ಒಟ್ಟಿಗೆ ಸಿಗುವ ಅಡುಗೆ ಬೇರೆ ಯಾವುದಿದೆ?

ಉಪ್ಪಿನಕಾಯಿಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಅಪ್ಪೆಮಿಡಿ ನನಗೂ ಪ್ರಾಣ. ಆದರೆ ಅಷ್ಟು ಉಪ್ಪಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚು ಕೆಲಸ ಮಾಡುವುದಿಲ್ಲ, ಮೇಲಾಗಿ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಅನ್ನುವ ಮಿತಿಯೂ ಇದೆ. ರುಚಿಗೆ ಒಂದು ಮಿಡಿ ಸಾಕು.

ಬಗೆ ಎಣಿಸಿ

ಅಮೆರಿಕನ್ ಗಟ್ ಪ್ರಾಜೆಕ್ಟ್ ಎಂಬ ದೊಡ್ಡ ಅಧ್ಯಯನದ ವರದಿ 2018ರಲ್ಲಿ ಬಂತು. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, 10ಕ್ಕಿಂತ ಕಮ್ಮಿ ಬಗೆ ತಿನ್ನುವವರಿಗಿಂತ ಬ್ಯಾಕ್ಟೀರಿಯಾದ ವೈವಿಧ್ಯ ಜಾಸ್ತಿ ಇತ್ತು. 30 ಅಂದರೆ ಹೆದರಬೇಡಿ. ಹೆಸರುಬೇಳೆ ಕೋಸಂಬರಿಯಲ್ಲೇ ಬೇಳೆ, ಸೌತೆ, ಕ್ಯಾರೆಟ್, ಕಾಯಿ, ಕೊತ್ತಂಬರಿ, ನಿಂಬೆ ಆರು ಆಯಿತು. ಶೇಂಗಾ, ಎಳ್ಳು, ಪೇರಲೆ, ಪಪ್ಪಾಯಿ, ನೆಲ್ಲಿಕಾಯಿ, ಕೆಸು, ಸುವರ್ಣಗೆಡ್ಡೆ, ಮಳೆಗಾಲದಲ್ಲಿ ಕಳಲೆ ಎಲ್ಲವೂ ಲೆಕ್ಕಕ್ಕೆ. ಕಳಲೆಯನ್ನು ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಹಸಿಯದರಲ್ಲಿ ವಿಷದ ಅಂಶ ಇದೆ. ಅಡುಗೆಮನೆಯ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಬರೆಯುತ್ತಾ ಹೋಗಿ. ಮಕ್ಕಳಿಗೆ ಎಣಿಸಲು ಕೊಟ್ಟರೆ ಅವರೇ ಹೊಸ ತರಕಾರಿ ತರಿಸುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಸೊಪ್ಪು, ಬಾಳೆ, ಕಾಳು ಎಷ್ಟು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಊಟ ಬದಲಾದರೆ ಕರುಳಿನ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಬದಲಾಗತೊಡಗುತ್ತವೆ. ಹಳೆಯ ಊಟಕ್ಕೆ ಮರಳಿದರೆ ಅಷ್ಟೇ ಬೇಗ ಹಿಂದಕ್ಕೂ ಹೋಗುತ್ತವೆ. ಹಾಗಾಗಿ ಒಂದು ತಿಂಗಳ ಪಥ್ಯ ಮಾಡಿ ಬಿಡುವ ಬಾಬತ್ತಲ್ಲ ಇದು.

ದುಡ್ಡು ದಂಡ ಮಾಡುವ ಕೆಲವು ದಾರಿಗಳು

ಹರಳೆಣ್ಣೆ ಕುಡಿದು ಹೊಟ್ಟೆ ತೊಳೆಯುವುದು, "ಡಿಟಾಕ್ಸ್" ಪುಡಿ, ಸಕ್ಕರೆ ತುಂಬಿದ ಚಿಕ್ಕ ಬಾಟಲಿಯ ಪೇಯ. ಮಲದ ಸ್ಯಾಂಪಲ್ ಕಳಿಸಿ ನಿಮ್ಮ ಬ್ಯಾಕ್ಟೀರಿಯಾದ ಪಟ್ಟಿ ತರಿಸುವ ದುಬಾರಿ ಟೆಸ್ಟ್‌ಗಳೂ ಬಂದಿವೆ. ಆರೋಗ್ಯವಂತ ಪಟ್ಟಿ ಅಂದರೆ ಇದೇ ಅಂತ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲದಿರುವಾಗ ಆ ವರದಿ ಇಟ್ಟುಕೊಂಡು ಮಾಡುವುದೇನು? ಬೇಕರಿಯ ಪಫ್ಸು, ಬೆಣ್ಣೆ ಬಿಸ್ಕತ್ತು ದಿನಾ ಸಂಜೆ ಬೇಡ, ಹುರಿದ ಶೇಂಗಾ ತಿನ್ನಿ.

ಕೊನೆಯದಾಗಿ ಗ್ಯಾಸ್ ಮಾತ್ರೆ. ಮೂರು ವರ್ಷಕ್ಕೊಮ್ಮೆ ನಮ್ಮ ಮಾರಿಕಾಂಬಾ ಜಾತ್ರೆ ಬಂದಾಗ ಅದು ಖರ್ಚಾಗುವುದು ಸಹಜ. ಆದರೆ ವರ್ಷಗಟ್ಟಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟಪ್ರಜೋಲ್ ಎಂಬ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರು ತುಂಬಾ ಇದ್ದಾರೆ, ಯಾಕೆ ಶುರುವಾಯಿತು ಅಂತ ಅವರಿಗೇ ಮರೆತಿರುತ್ತದೆ. ಹೊಟ್ಟೆಯ ಆಮ್ಲ ಕಮ್ಮಿಯಾದರೆ ಬಾಯಿಯಿಂದ ಹೋದ ಬ್ಯಾಕ್ಟೀರಿಯಾ ಸಾಯದೆ ಕರುಳಿಗೆ ಇಳಿಯುತ್ತವೆ, ಅಲ್ಲಿನ ಸಮತೋಲನ ಬದಲಾಗುತ್ತದೆ, ಮೇಲೆ ಹೇಳಿದ ಡಿಫಿಸಿಲ್ ಸೋಂಕಿನ ಅಪಾಯವೂ ಹೆಚ್ಚುತ್ತದೆ. ನೀವಾಗಿ ನಿಲ್ಲಿಸಬೇಡಿ. ಹೃದಯದ ಮಾತ್ರೆ, ನೋವಿನ ಮಾತ್ರೆಯ ಜೊತೆಗೆ ಅದನ್ನು ಬೇಕೆಂದೇ ಕೊಟ್ಟಿರಬಹುದು, ಥಟ್ಟನೆ ಬಿಟ್ಟರೆ ಉರಿ ಜೋರಾಗಲೂಬಹುದು. ಹಳೆಯ ಚೀಟಿ ಹುಡುಕಿ, ಅದರ ತಾರೀಖು ನೋಡಿ, ಇನ್ನೂ ಬೇಕಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.